ಗ್ಯಾಲಕ್ಟೋಸ್ ಪಾಲಿಪೆಪ್ಟೈಡ್, ಲಾಗ್ 4: ಕೊನೆಗೂ ನೀಲಿ ಮಬ್ಬು

ಅಮೈನೋ ಆಮ್ಲಗಳ ಸರಪಳಿ (ಪಾಲಿಪೆಪ್ಟೈಡ್) ಬೆಳೆಸಿ, ಅದಕ್ಕೆ ಗ್ಯಾಲಕ್ಟೋಸ್ ಸಕ್ಕರೆ ಅಂಟಿಸಿ, ನೀರಿನಲ್ಲಿ ಪುಟ್ಟ ಕಣಗಳಾಗಿಸುವುದು ನನ್ನ ಕೆಲಸ. ಕಳೆದ ಸಲ ಎನ್‌ಸಿಎ (ಸರಪಳಿ ಬೆಳೆಸಲು ಬೇಕಾದ, ಅಮೈನೋ ಆಮ್ಲದಿಂದ ಮಾಡಿದ ಉಂಗುರದಾಕಾರದ ಅಣು) ಹಾಳಾದ ಕತೆ ಹೇಳಿ ನಿಲ್ಲಿಸಿದ್ದೆ. ಅದೇ ಕತೆ ಮತ್ತೊಮ್ಮೆ ಆಯಿತು. ಬೆಂಜೈಲ್ ಗ್ಲುಟಮೇಟ್ ಎನ್‌ಸಿಎಯ ಹರಳು ಚೆನ್ನಾಗಿಯೇ ಬಿದ್ದಿತ್ತು. ಫ್ಲಾಸ್ಕಿನ ಸೆಪ್ಟಮ್ (ರಬ್ಬರ್ ಮುಚ್ಚಳ) ಸರಿಯಾಗಿ ಕೂತಿದೆಯಾ ಅಂತ ನೋಡದೆ ಹೋದೆ. ಮರುದಿನ ಎಥೈಲ್ ಅಸಿಟೇಟ್ ಹಾಕಿದರೆ ಅರ್ಧ ಕರಗಲೇ ಇಲ್ಲ. ತೇವ ಒಳಗೆ ನುಗ್ಗಿ ಅಲ್ಲೇ ಪುಟ್ಟ ಸರಪಳಿಗಳು ಬೆಳೆದಿದ್ದವು. 1906ರಲ್ಲಿ ಹರ್ಮನ್ ಲ್ಯೂಕ್ಸ್ ಈ ಉಂಗುರಗಳನ್ನು ಮೊದಲು ಮಾಡಿದಾಗಲೇ, ನೀರು ತಾಗಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕರಗದ ವಸ್ತುವಾಗುತ್ತದೆ ಅಂತ ಕಂಡಿದ್ದರು. ಗೊತ್ತಿದ್ದೂ ಎಡವಿದೆ.

ಮೂರನೇ ಬ್ಯಾಚ್ ಕೈ ಹಿಡಿಯಿತು. ಡಿಎಂಎಫ್ ದ್ರಾವಕದಲ್ಲಿ, 0 ಡಿಗ್ರಿಯಲ್ಲಿ, ಬೆಂಜೈಲಮೈನ್‌ನಿಂದ ಶುರು. ಹೊರಬರುವ ಅನಿಲವನ್ನು ಸಾರಜನಕ ಹೊತ್ತೊಯ್ಯುವ ಹಾಗೆ ಸೂಜಿ ಚುಚ್ಚಿಟ್ಟೆ. ಐಆರ್‌ನಲ್ಲಿ (ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ) ಉಂಗುರದ ಗುರುತಾದ 1850 ಮತ್ತು 1785ರ ಶಿಖರಗಳು ದಿನದಿಂದ ದಿನಕ್ಕೆ ಕುಗ್ಗಿ, ಸರಪಳಿಯ ಗುರುತಾದ 1650ರ ಅಮೈಡ್ ಶಿಖರ ಎದ್ದು ಬಂತು. ಮೊದಲ ತುಂಡಿಗೆ 20 ಘಟಕದ ಲೆಕ್ಕ. ಉಂಗುರಗಳು ಪೂರ್ತಿ ಮುಗಿದ ಮೇಲೇ ಎರಡನೇ ತುಂಡಿಗೆ, ಸಕ್ಕರೆ ಅಂಟಿಸಲು ಕೊಂಡಿ ಇರುವ ಪ್ರೊಪಾರ್ಜಿಲ್‌ಗ್ಲೈಸಿನ್ ಎನ್‌ಸಿಎ ಹಾಕಿದ್ದು. ಈ ಸಲ ಡಿಎಲ್ ಮಿಶ್ರಣವನ್ನೇ (ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಡಿ, ಎಲ್ ಎರಡೂ ರೂಪ) ಬಳಸಿದೆ. ಬರೀ ಎಲ್ ರೂಪ ಹಾಕಿದಾಗ ಸರಪಳಿಗಳು ಬೀಟಾ ಶೀಟ್ ಎಂಬ ಹಾಳೆಗಳಾಗಿ ಒಂದಕ್ಕೊಂದು ಅಂಟಿಕೊಂಡು ಫ್ಲಾಸ್ಕಿನಲ್ಲೇ ಜೆಲ್ ಆಗಿಬಿಟ್ಟಿತ್ತು.

ಸಕ್ಕರೆ ಅಂಟಿಸುವ ಕೆಲಸ ಇದ್ದುದರಲ್ಲಿ ಸುಲಭ. ಗ್ಯಾಲಕ್ಟೋಸ್ ಅಜೈಡ್, ತಾಮ್ರದ ವೇಗವರ್ಧಕ, ಡಿಎಂಎಸ್‌ಒ ದ್ರಾವಕ, ಕ್ಲಿಕ್ ಆಯಿತು (ಅಜೈಡ್ ಆ ಕೊಂಡಿಗೆ ಸೇರಿಕೊಂಡಿತು). ಗೋಳು ಶುರುವಾಗಿದ್ದು ಆಮೇಲೆ, ತಾಮ್ರ ಬಿಟ್ಟು ಹೋಗಲು ತಯಾರಿಲ್ಲ. ಡಯಾಲಿಸಿಸ್ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಚೀಲದಲ್ಲಿಟ್ಟು ತೊಳೆಯುವುದು) ನೀರಿಗೆ ತಾಮ್ರ ಹಿಡಿಯುವ ಇಡಿಟಿಎ ಹಾಕಿ ಮೂರು ದಿನ ಬದಲಾಯಿಸುತ್ತ ಕೂತೆ. ಮೊದಲ ದಿನ ಚೀಲದೊಳಗಿನ ಪುಡಿ ತಿಳಿ ಹಸಿರಾಗಿತ್ತು, ಮೂರನೇ ದಿನಕ್ಕೆ ಹತ್ತಿಯಂತೆ ಬಿಳಿ. 2100ರ ಅಜೈಡ್ ಶಿಖರವೂ ಮಾಯ, ಅಂದರೆ ಅಂಟದೆ ಉಳಿದ ಸಕ್ಕರೆಯೂ ತೊಳೆದು ಹೋಗಿದೆ.

ಇಷ್ಟು ದಿನ ಹನಿ ನೀರಿಗೂ ಹೆದರುತ್ತಿದ್ದವನು ಈಗ ಕೈಯಾರೆ ನೀರು ಹಾಕಬೇಕು! ಪಾಲಿಮರನ್ನು ಡಿಎಂಎಸ್‌ಒದಲ್ಲಿ ಕರಗಿಸಿ, ಕಲಕುತ್ತ, ಸಿರಿಂಜ್ ಪಂಪಿನಿಂದ ಬಲು ನಿಧಾನ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಹನಿ ಬಿದ್ದ ಜಾಗದಲ್ಲಿ ಎಳೆ ಹೊಗೆಯಂತೆ ಸುರುಳಿ ಎದ್ದು ಮಾಯವಾಯಿತು. ಮುಂದಿನ ಹನಿಗಳಿಗೆ ಅದು ಮಾಯವಾಗಲಿಲ್ಲ. ಇಡೀ ದ್ರಾವಣ ನೀಲಿ ಛಾಯೆಯ ಮಬ್ಬು. ನೀರನ್ನು ಕಂಡರಾಗದ ಬೆಂಜೈಲ್ ತುಂಡುಗಳು ಒಳಗೆ ಸೇರಿಕೊಂಡು, ಸಕ್ಕರೆ ಹೊರಮುಖ ಮಾಡಿ ನಿಂತಿರಬೇಕು. ಡಿಎಂಎಸ್‌ಒ ತೆಗೆದ ಮೇಲೂ ಮಬ್ಬು ಹಾಗೇ ಇದೆ, ತಳಕ್ಕೆ ಏನೂ ಕೂತಿಲ್ಲ. ಡಿಎಲ್‌ಎಸ್ (ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರ ಅಳೆಯುವ ಯಂತ್ರ) ಸುಮಾರು 150 ನ್ಯಾನೋಮೀಟರ್ ಅನ್ನುತ್ತಿದೆ. ಚಿಕ್ಕ ಮೈಸೆಲ್‌ಗೆ (ಗಟ್ಟಿ ಉಂಡೆ) ಇದು ದೊಡ್ಡದಾಯಿತು, ಟೊಳ್ಳು ಚೀಲವೇ ಇರಬೇಕೆಂದು ನನ್ನ ಅಂದಾಜು.

ಸಕ್ಕರೆ ನಿಜಕ್ಕೂ ಹೊರಗಿದೆಯಾ ಅಂತ ನೋಡಲು ಎರಡು ಲೆಕ್ಟಿನ್ (ಸಕ್ಕರೆ ಹಿಡಿಯುವ ಪ್ರೋಟೀನ್) ಹಾಕಿದೆ. ಗ್ಯಾಲಕ್ಟೋಸ್ ಹಿಡಿಯುವ ಆರ್‌ಸಿಎ 120 ಬಿದ್ದ ಕೂಡಲೇ ಕಣಗಳು ಗಂಟುಕಟ್ಟಿ ಕ್ಯುವೆಟ್ (ಅಳತೆಯ ಪುಟ್ಟ ಪಾತ್ರೆ) ಹಾಲಿನಂತಾಯಿತು. ಮ್ಯಾನೋಸ್, ಗ್ಲೂಕೋಸ್ ಬೇಕೆನ್ನುವ ಕಾನ್‌ಎ ಹಾಕಿದ ಕ್ಯುವೆಟ್ ಮೊದಲಿನಂತೆಯೇ ಇತ್ತು. ಕಾನ್‌ಎಗೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಇಲ್ಲದೆ ಕೆಲಸವಿಲ್ಲ, ಆದ್ದರಿಂದ ಎರಡನ್ನೂ ಬಫರಿಗೆ ಸೇರಿಸಿಯೇ ನೋಡಿದ್ದು. ಹಾಲಾದ ಕ್ಯುವೆಟ್‌ಗೆ ಬರೀ ಗ್ಯಾಲಕ್ಟೋಸ್ ಸುರಿದಾಗ ಲೆಕ್ಟಿನ್ ಅತ್ತ ವಾಲಿ ಗಂಟುಗಳು ಬಿಚ್ಚಿಕೊಂಡವು.

ಮುಂದಿನ ವಾರ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ). ಚೀಲವೋ ಗಟ್ಟಿ ಉಂಡೆಯೋ ಆಗ ನೋಡೋಣ.