ಕೈಗವಸಿನ ಮೇಲಿನ ಹಲ್ಲು

ಕಳೆದ ಮಳೆಗಾಲದ ಒಂದು ಭಾನುವಾರ, ಬೆಳಗಿನಿಂದ ಬಿಡದೆ ಹಿಡಿದ ಮಳೆಯಿಂದಾಗಿ ಎಲ್ಲಿಗೂ ಹೋಗಲಾಗದೆ, ಮಗಳ ಜೊತೆ ಕುಳಿತು 2020ರಲ್ಲಿ ತೆರೆಕಂಡ ‘ದಿ ಕಾಲ್ ಆಫ್ ದಿ ವೈಲ್ಡ್’ ಚಿತ್ರವನ್ನು ನೋಡಿದೆ. ಜಾಕ್ ಲಂಡನ್ 1903ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯನ್ನು ಕಾಲೇಜಿನ ದಿನಗಳಲ್ಲೇ ಓದಿದ್ದೆ. ಕ್ಯಾಲಿಫೋರ್ನಿಯಾದ ನ್ಯಾಯಾಧೀಶರೊಬ್ಬರ ಮನೆಯಲ್ಲಿ ಸುಖವಾಗಿದ್ದ ಬಕ್ ಎಂಬ ನಾಯಿ ಕಳ್ಳತನದಿಂದ ಮಾರಾಟವಾಗಿ, ಚಿನ್ನದ ಆಸೆಗೆ ಜನ ಮುಗಿಬಿದ್ದಿದ್ದ ಕೆನಡಾದ ಯೂಕಾನ್ ಪ್ರದೇಶದ ಹಿಮದಲ್ಲಿ ಅಂಚೆಯ ಜಾರುಬಂಡಿ ಎಳೆಯುವ ಕಥೆ ಅದು.

ಚಿತ್ರದ ಬಕ್ ನಿಜವಾದ ನಾಯಿಯಲ್ಲ. ಚಿತ್ರೀಕರಣದಲ್ಲಿ ಟೆರಿ ನೋಟರಿ ಎಂಬ ನಟ ಬಕ್‌ನ ಜಾಗದಲ್ಲಿ ಅಭಿನಯಿಸಿದ್ದು, ನಾಯಿಯ ರೂಪವನ್ನು ಆಮೇಲೆ ಕಂಪ್ಯೂಟರಿನಲ್ಲಿ ಮೂಡಿಸಲಾಗಿದೆ. ಹಾಗಾಗಿ ಬಕ್‌ನ ಯಜಮಾನ ಥಾರ್ನ್ಟನ್‌ನ ಪಾತ್ರದಲ್ಲಿರುವ ಹ್ಯಾರಿಸನ್ ಫೋರ್ಡ್ ಅಷ್ಟು ಅಕ್ಕರೆಯಿಂದ ಮಾತನಾಡಿಸುವುದು ಒಬ್ಬ ಮನುಷ್ಯನನ್ನು. ಒಡೆಯುವ ಮಂಜುಗಡ್ಡೆಯ ಮೇಲೆ, ಹೊಡೆತದ ದೃಶ್ಯಗಳಲ್ಲಿ ಯಾವ ಜೀವಕ್ಕೂ ನೋವಾಗಲಿಲ್ಲವೆಂಬ ಸಮಾಧಾನ ನನಗೆ ಸಣ್ಣದಲ್ಲ. ಆದರೆ ಆ ಬಕ್ ಹುಬ್ಬೇರಿಸುತ್ತದೆ, ನಾಚುತ್ತದೆ, ತಪ್ಪಿಗೆ ಮುಖ ಸಣ್ಣದು ಮಾಡುತ್ತದೆ. ಕಾದಂಬರಿಯಲ್ಲಿ ಸ್ಪಿಟ್ಜ್ ಎಂಬ ಮುಂದಾಳು ನಾಯಿಯ ಜೊತೆಗಿನ ಕಾದಾಟ ಸಾವಿನಲ್ಲಿ ಮುಗಿದರೆ, ಇಲ್ಲಿ ಸೋತ ಸ್ಪಿಟ್ಜ್ ಸುಮ್ಮನೆ ಹೊರಟುಹೋಗುತ್ತದೆ. ಹೊಸ್ತಿಲ ಬಳಿ ಮಲಗಿದ್ದ ನಮ್ಮ ನಾಯಿ ಕರಿಯ, ಬಕ್‌ನ ಕಡೆಗೆ ಒಮ್ಮೆಯೂ ನೋಡಲಿಲ್ಲ. ತೋಳಗಳು ಊಳಿಟ್ಟಾಗ ಮಾತ್ರ ಕಿವಿ ನಿಮಿರಿಸಿ ಎದ್ದು ಕುಳಿತ.

“ಪುಸ್ತಕದಲ್ಲೂ ಬಕ್ ಹೀಗೇ ಇತ್ತಾ ಅಪ್ಪಾ?” ಎಂದು ಮಗಳು ಕೇಳಿದಳು. ಹಳೆಯ ಪ್ರತಿಯನ್ನು ಹುಡುಕಿ ತೆಗೆದು, ಬಕ್ ಒಂಟಿಯಾಗಿ ಭಾರದ ಜಾರುಬಂಡಿ ಎಳೆಯಬಲ್ಲದೇ ಎಂದು ಪಣ ಕಟ್ಟುವ ಪಂದ್ಯದ ಪುಟಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ತಲಾ 50 ಪೌಂಡಿನ 20 ಹಿಟ್ಟಿನ ಮೂಟೆಗಳು. ಸೊನ್ನೆಗಿಂತ 60 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿನ ಚಳಿಗೆ ಜಾರುಬಂಡಿಯ ಅಡಿಪಟ್ಟಿಗಳು ಹಿಮಕ್ಕೆ ಕಚ್ಚಿಕೊಂಡಿವೆ. ಯಜಮಾನ ಥಾರ್ನ್ಟನ್ ಮಂಡಿಯೂರಿ, ಬಕ್‌ನ ಕೆನ್ನೆಗೆ ಕೆನ್ನೆಯಿಟ್ಟು ಏನೋ ಪಿಸುಗುಟ್ಟುತ್ತಾನೆ. ಆತ ಏಳುವಾಗ ಬಕ್ ಅವನ ಕೈಗವಸು ತೊಟ್ಟ ಕೈಯನ್ನು ಬಾಯಲ್ಲಿ ಹಿಡಿದು, ಹಲ್ಲಿನಿಂದ ಒತ್ತಿ, ಬಿಡಲು ಮನಸ್ಸಿಲ್ಲದಂತೆ ನಿಧಾನವಾಗಿ ಬಿಡುತ್ತದೆ. ನಾಯಿ ಕೊಡುವ ಉತ್ತರವೆಂದರೆ ಅದೇ. ಬೆಳಿಗ್ಗೆ ಸರಪಳಿ ಬಿಚ್ಚುವಾಗ ಕರಿಯ ನನ್ನ ಮಣಿಕಟ್ಟನ್ನು ಹಿಡಿಯುವುದೂ ಹಾಗೆಯೇ. ಚರ್ಮಕ್ಕೆ ಹಲ್ಲು ತಾಗುತ್ತದೆ, ಗಾಯವಾಗುವುದಿಲ್ಲ. ಚಿತ್ರದ ಬಕ್‌ನ ಮುಖದಲ್ಲಿ ನಾನು ಉದ್ದಕ್ಕೂ ಹುಡುಕಿದ್ದು ಆ ಒತ್ತುವಿಕೆಯನ್ನೇ.

ಓದು ಮುಗಿದ ಮೇಲೆ ಮಗಳು ಮಾತಿಲ್ಲದೆ ಹೊಸ್ತಿಲಿಗೆ ಹೋಗಿ, ಅಂಗೈಯನ್ನು ಕರಿಯನ ಮೂತಿಯ ಮುಂದೆ ಹಿಡಿದಳು. ಅವನು ಒಮ್ಮೆ ಮೂಸಿ, ಮತ್ತೆ ಕಣ್ಣು ಮುಚ್ಚಿದ.