ಮದುವೆಗೆ ಸರ್ಕಾರ ಲಿಮಿಟ್ ಹಾಕ್ಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಹಾಸನದ ಸುತ್ತಮುತ್ತ ಮದುವೆ, ಗೃಹಪ್ರವೇಶ, ತಿಥಿಗಳಿಗೆ ಅಡುಗೆ ಕಾಂಟ್ರಾಕ್ಟ್ ತಗೊಳ್ಳೋದು ನನ್ನ ಕಸುಬು. ಹಾಗಾಗಿ ಪರಿಚಯದವರು ಎಲ್ಲಿ ಸಿಕ್ಕರೂ ಒಂದು ಮಾತು ಕೇಳದೆ ಬಿಡುವುದಿಲ್ಲ. "ಅಣ್ಣ, ನೀವು ದಿನಾ ನೋಡ್ತೀರಲ್ಲ. ಈ ಆಡಂಬರಕ್ಕೆಲ್ಲ ಸರ್ಕಾರ ಒಂದು ಕಾನೂನು ತರಬಾರ್ದಾ? ಇಷ್ಟೇ ಜನ, ಇಷ್ಟೇ ಖರ್ಚು ಅಂತ?" ಮಗಳ ಮದುವೆಗೆ ಸಾಲ ಮಾಡಿದವರೂ ಇದನ್ನು ಕೇಳುತ್ತಾರೆ. ಎರಡು ಸಾವಿರ ಜನಕ್ಕೆ ಊಟ ಹಾಕಿಸಿ, ಕೈ ತೊಳೆದುಕೊಂಡು ಬಂದು, ದೇಶ ಹಾಳಾಗ್ತಿದೆ ಅನ್ನುವವರೂ ಕೇಳುತ್ತಾರೆ.

ನಿಯಮ ಬೇಕು. ಆದರೆ ತಲೆ ಎಣಿಸುವ ನಿಯಮ ನಡೆಯುವುದಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಮದುವೆ ಮನೆಯಲ್ಲಿ ಸ್ಟೇಜ್ ಕಡೆ ನೋಡಬೇಡಿ. ಅದರ ಪಕ್ಕ ಒಂದು ಟೇಬಲ್ ಹಾಕಿಕೊಂಡು ಇಬ್ಬರು ಕೂತಿರುತ್ತಾರೆ, ಅವರನ್ನು ನೋಡಿ. ಒಬ್ಬರು ಕವರ್ ಒಡೆದು ದುಡ್ಡು ಎಣಿಸುತ್ತಾರೆ. ಇನ್ನೊಬ್ಬರು, ಸಾಮಾನ್ಯವಾಗಿ ಅಕ್ಷರ ಚೆನ್ನಾಗಿರುವ ಸೋದರಮಾವ ಅಥವಾ ದೊಡ್ಡಪ್ಪನ ಮಗ, ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ. ಹೆಸರು, ಊರು, ಮೊತ್ತ. ನೂರೊಂದು ಕೊಟ್ಟವರದ್ದೂ ಇರುತ್ತದೆ, ಐದು ಸಾವಿರ ಕೊಟ್ಟವರದ್ದೂ ಇರುತ್ತದೆ. ಈ ಮುಯ್ಯಿ ಪುಸ್ತಕ ಬೀರುವಿನಲ್ಲಿ ಪತ್ರಗಳ ಜೊತೆ ಇರುತ್ತದೆ. ನಾಳೆ ಆ ಊರಿನಿಂದ ಲಗ್ನಪತ್ರಿಕೆ ಬಂದರೆ ಮೊದಲು ತೆಗೆಯುವುದು ಇದನ್ನೇ. ಅವರು ಎಷ್ಟು ಓದಿಸಿದ್ದರು ಅಂತ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ ಓದಿಸಬೇಕು.

ಅಂದರೆ ಛತ್ರಕ್ಕೆ ಬಂದಿರುವ ಎಂಟುನೂರು ಜನ ಸುಮ್ನೆ ಬಂದವರಲ್ಲ. ಅರ್ಧ ಜನಕ್ಕೆ ಈ ಮನೆಯವರು ಹಿಂದೆ ಉಂಡ ಬಾಕಿ ತೀರಿಸುತ್ತಿದ್ದಾರೆ, ಇನ್ನರ್ಧ ಜನ ಮುಂದಿನ ಬಾಕಿಗೆ ಕೂತಿದ್ದಾರೆ. ಇದರಲ್ಲಿ ಇನ್ನೂರು ಜನ ಸಾಕು ಅಂತ ಸರ್ಕಾರ ಹೇಳಿದರೆ, ಯಾರ ಹೆಸರು ಹೊಡೆಯಬೇಕು? ನಿಮ್ಮ ಅಪ್ಪನ ಹೆಣ ಹೊತ್ತವನ ಹೆಸರನ್ನಾ, ಕಳೆದ ವರ್ಷ ಟ್ರ್ಯಾಕ್ಟರ್ ಕೊಟ್ಟವನ ಹೆಸರನ್ನಾ?

ಇಲ್ಲೇ ಒಂದು ತಮಾಷೆ ಹೇಳಿಬಿಡುತ್ತೇನೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು ಅಂತ ಎಲ್ಲರಿಗೂ ಗೊತ್ತು. ಅದರ ಕೆಳಗೆ 1985ರಲ್ಲಿ ಇನ್ನೊಂದು ನಿಯಮ ಬಂತು. ಮದುವೆಯಲ್ಲಿ ಹುಡುಗ ಹುಡುಗಿಗೆ ಬಂದ ಉಡುಗೊರೆಗಳನ್ನು ಪಟ್ಟಿ ಮಾಡಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟರಾದರೆ ಏನು ಸಂಬಂಧ, ಎಲ್ಲ ಬರೆದು ಸಹಿ ಹಾಕಬೇಕು. ನಾನು ಅಡುಗೆ ಮಾಡಿದ ಯಾವ ಮದುವೆಯಲ್ಲೂ ಆ ಪಟ್ಟಿ ಕಂಡಿಲ್ಲ. ಆದರೆ ಮುಯ್ಯಿ ಪುಸ್ತಕ ಇಲ್ಲದ ಮದುವೆಯನ್ನೂ ಕಂಡಿಲ್ಲ. ಎರಡೂ ಪಟ್ಟಿಯೇ. ಒಂದನ್ನು ಯಾರೂ ಕೇಳುವುದಿಲ್ಲ, ಇನ್ನೊಂದನ್ನು ಊರೇ ಕೇಳುತ್ತದೆ.

ತಲೆ ಎಣಿಸುವ ಪ್ರಯತ್ನ ನಮ್ಮ ದೇಶದಲ್ಲಿ ಆಗಿಲ್ಲ ಅಂತಲ್ಲ. ಅಕ್ಕಿ ಗೋಧಿಗೆ ಕಷ್ಟವಿದ್ದ 1960ರ ದಶಕದಲ್ಲಿ ಗೆಸ್ಟ್ ಕಂಟ್ರೋಲ್ ಆರ್ಡರ್‌ಗಳಿದ್ದವು, ಅಂದರೆ ಊಟಕ್ಕೆ ಇಷ್ಟೇ ಜನ ಅನ್ನುವ ಸರ್ಕಾರಿ ಆದೇಶಗಳು. ಜಮ್ಮು ಕಾಶ್ಮೀರದಲ್ಲಿ 2017ರ ಏಪ್ರಿಲ್‌ನಿಂದ ಮಗಳ ಮದುವೆಗೆ 500, ಮಗನ ಮದುವೆಗೆ 400 ಜನ ಅಂತ ಆದೇಶ ಬಂತು. ಎಷ್ಟು ಬಗೆ ಅಡುಗೆ ಅನ್ನುವುದಕ್ಕೂ ಮಿತಿ ಇತ್ತು. ಅದೇ ವರ್ಷ ಲೋಕಸಭೆಯಲ್ಲಿ ಬಿಹಾರದ ಸಂಸದೆ ರಂಜೀತ್ ರಂಜನ್ ಅವರ ಖಾಸಗಿ ಮಸೂದೆಯ ಸುದ್ದಿ ಜೋರಾಗಿತ್ತು. ಮದುವೆಗೆ 5 ಲಕ್ಷಕ್ಕಿಂತ ಜಾಸ್ತಿ ಖರ್ಚು ಮಾಡುವವರು ಅದರ ಶೇ. 10ರಷ್ಟನ್ನು ಬಡ ಹೆಣ್ಣುಮಕ್ಕಳ ಮದುವೆಗೆ ಕೊಡಬೇಕು ಅಂತ. ಅದು ಕಾನೂನು ಆಗಲಿಲ್ಲ. ಆಗಿದ್ದರೂ, ಮದುವೆ ಖರ್ಚನ್ನು ಅಳೆಯುವುದು ಹೇಗೆ? ಛತ್ರದ ಬಿಲ್ ಒಬ್ಬರ ಹೆಸರಿಗೆ, ದಿನಸಿ ಇನ್ನೊಬ್ಬರ ಹೆಸರಿಗೆ, ಹೂವಿನ ಡೆಕೋರೇಷನ್ ಹುಡುಗನ ಸ್ನೇಹಿತರ ಲೆಕ್ಕಕ್ಕೆ. ತಲೆ ಎಣಿಸಲು ಬಾಗಿಲಲ್ಲಿ ಒಬ್ಬ ಇನ್ಸ್‌ಪೆಕ್ಟರನ್ನು ನಿಲ್ಲಿಸಿದರೆ, ನಾನು ಬರೆದುಕೊಡುತ್ತೇನೆ, ಮೊದಲ ಪಂಕ್ತಿಯಲ್ಲಿ ಅವರಿಗೆ ಎಲೆ ಹಾಕಿರುತ್ತಾರೆ.

ಹಾಗಂತ ವ್ಯರ್ಥ ಆಗುವುದು ಸುಳ್ಳಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು 2012ರಲ್ಲಿ ಅಲ್ಲಿನ ಕಲ್ಯಾಣ ಮಂಟಪಗಳನ್ನು ನೋಡಿ ಒಂದು ಲೆಕ್ಕ ಕೊಟ್ಟರು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ಹಾಳಾಗುತ್ತದೆ ಅಂತ. ನನಗೇನೂ ಆಶ್ಚರ್ಯ ಆಗಲಿಲ್ಲ. ನಾವು ಎಲೆ ಲೆಕ್ಕದಲ್ಲಿ ದುಡ್ಡು ತಗೊಳ್ಳುವವರು, ಎಲೆ ಎತ್ತುವಾಗ ಏನೇನು ಉಳಿದಿರುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತು. ಕೋಸಂಬರಿ, ಪಲ್ಯ ಖಾಲಿ ಆಗುತ್ತವೆ. ಹೋಳಿಗೆ ಅರ್ಧ ಉಳಿಯುತ್ತದೆ. ಅದರ ಮೇಲೆ ಜಾಮೂನು, ಅದರ ಪಕ್ಕ ಇನ್ನೊಂದು ಸ್ವೀಟು. ಪಲಾವ್ ಮುಟ್ಟಿಯೂ ಇರುವುದಿಲ್ಲ. ಜನ ಅನ್ನ ಸಾರಿಗೆ ಬರುವ ಹೊತ್ತಿಗೆ ಹೊಟ್ಟೆ ತುಂಬಿ, ಮಜ್ಜಿಗೆ ಕುಡಿದು ಎದ್ದುಬಿಡುತ್ತಾರೆ. ಇದು ಜನ ಜಾಸ್ತಿ ಆಗಿದ್ದಕ್ಕೆ ಆದ ನಷ್ಟವಲ್ಲ, ಐಟಂ ಜಾಸ್ತಿ ಆಗಿದ್ದಕ್ಕೆ ಆಗಿದ್ದು. ಸಾವಿರ ಜನಕ್ಕೆ ಒಂದೇ ಸ್ವೀಟು ಹಾಕಿದ ಮದುವೆಯಲ್ಲಿ ಬಕೆಟ್‌ಗಟ್ಟಲೆ ಎಸೆದಿದ್ದು ನನಗೆ ನೆನಪಿಲ್ಲ.

ಸರಿ, ತಲೆ ಎಣಿಸಿದ್ದು ಒಂದೇ ಒಂದು ಸಲ ನಡೆಯಿತು. ಕೊರೊನಾ ಕಾಲ. 2020ರಲ್ಲಿ ಮದುವೆಗೆ 50 ಜನ, ಅಂತ್ಯಸಂಸ್ಕಾರಕ್ಕೆ 20 ಜನ. ನಮ್ಮ ಕಸುಬು ಪೂರ್ತಿ ನಿಂತುಹೋಯಿತು, ಅದು ಬೇರೆ ಮಾತು. ಆಗ ಆಲೂರು ಕಡೆಯ ಒಬ್ಬರು ಮಗಳ ಮದುವೆಯನ್ನು ಮನೆ ಮುಂದಿನ ಚಪ್ಪರದಲ್ಲೇ ಮುಗಿಸಿದರು. ಮೊದಲು ಸಾವಿರ ಜನಕ್ಕೆ ನನ್ನ ಹತ್ತಿರ ಮಾತಾಡಿದ್ದವರು ಅವರು. ಅಡ್ವಾನ್ಸ್ ವಾಪಸ್ ಕೊಡಲು ಹೋದಾಗ ಅವರು ಹೇಳಿದ ಮಾತು: "ಬೇಜಾರೇನಿಲ್ಲಪ್ಪ. ಸರ್ಕಾರ ಬಿಡ್ತಿಲ್ಲ ಅಂದೆ, ಎಲ್ರೂ ಹೂಂ ಅಂದ್ರು. ನಾನೇ ಕರೀಲಿಲ್ಲ ಅಂದಿದ್ರೆ ಜನ್ಮದಲ್ಲಿ ಮಾತಾಡ್ಸ್ತಿರ್ಲಿಲ್ಲ."

ನನ್ನ ಉತ್ತರದ ಗಟ್ಟಿ ಭಾಗ ಇದೇ. ಚಿಕ್ಕದಾಗಿ ಮಾಡಬೇಕು ಅನ್ನುವ ಆಸೆ ಬಹಳ ಮನೆಗಳಲ್ಲಿದೆ. ಅವರಿಗೆ ಬೇಕಾಗಿರುವುದು ದಂಡ ಹಾಕುವ ಸರ್ಕಾರವಲ್ಲ, ನೆಪ ಕೊಡುವ ಸರ್ಕಾರ. ಮಿತಿ ತೆಗೆದ ಮೇಲೆ ಏನಾಯಿತು ಅಂತ ನಿಮಗೂ ಗೊತ್ತಲ್ವಾ? ಬಾಕಿ ಉಳಿದಿದ್ದ ಬೀಗರ ಊಟಗಳೆಲ್ಲ ಒಟ್ಟಿಗೆ ಬಂದವು. ಒಂದೇ ಭಾನುವಾರ ಮಟನ್ ಸಿಗದೆ ಪರದಾಡಿದ್ದೇವೆ.

ನೆಪ ಕೊಡುವ ನಿಯಮ ಹೇಗಿರುತ್ತದೆ? ವಿಯೆಟ್ನಾಂ ದೇಶದ್ದು ಓದಿದಾಗ ನನಗೆ ಸ್ವಲ್ಪ ಅಂದಾಜಾಯಿತು. ಅಲ್ಲಿನ ಆಳುವ ಪಕ್ಷ 1998ರಲ್ಲಿ ಮದುವೆ, ಸಾವು, ಹಬ್ಬಗಳನ್ನು ಶಿಸ್ತಿನಿಂದ, ಕಡಿಮೆ ಖರ್ಚಿನಲ್ಲಿ ಮಾಡಬೇಕು ಅಂತ ಸೂಚನೆ ಹೊರಡಿಸಿತು. 2005ರಲ್ಲಿ ಪ್ರಧಾನಿಯೇ ಒಂದು ನಿಯಮಾವಳಿ ತಂದರು. 2011ರಲ್ಲಿ ಸಂಸ್ಕೃತಿ ಇಲಾಖೆ ಅದಕ್ಕೆ ವಿವರ ಸೇರಿಸಿತು. ಅದರಲ್ಲಿ 'ಮಾಡಕೂಡದು' ಅನ್ನುವುದರ ಜೊತೆಗೆ 'ಹೀಗೆ ಮಾಡಿದರೆ ಒಳ್ಳೆಯದು' ಅನ್ನುವುದೂ ಸಾಕಷ್ಟಿದೆ. ಕರೆಯೋಲೆ ಬದಲು ಮದುವೆ ಆಯಿತು ಅಂತ ತಿಳಿಸುವ ಪತ್ರ ಕಳಿಸಬಹುದು, ಔತಣದ ಬದಲು ಟೀ ಕೊಡಬಹುದು ಅಂತ. ಸಾವಿನ ಮನೆಯಲ್ಲಿ ರಾತ್ರಿ ಹತ್ತರ ಮೇಲೆ ವಾದ್ಯ ಬಾರಿಸಬಾರದು. ಮುಖ್ಯವಾಗಿ, ಇದನ್ನು ಮೊದಲು ಪಾಲಿಸಬೇಕಾದವರು ಪಕ್ಷದವರು, ಸರ್ಕಾರಿ ನೌಕರರು. ಅಲ್ಲಿ ಎಲ್ಲರೂ ಪಾಲಿಸುತ್ತಾರೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿಯ ಆಳ್ವಿಕೆ ಬೇರೆ, ನಮ್ಮದು ಬೇರೆ. ಆದರೆ ಮೇಲಿನವರಿಂದ ಶುರು ಮಾಡುವುದು, 'ಕರೆಯದೆ ತಿಳಿಸುವುದು' ತಪ್ಪಲ್ಲ ಅಂತ ಸರ್ಕಾರವೇ ಬಾಯಿಬಿಟ್ಟು ಹೇಳುವುದು, ಈ ಎರಡು ನಮಗೂ ಬರಬೇಕು. ಪಟಾಕಿ ವಿಷಯದಲ್ಲಿ ಮಾತ್ರ ಅವರು ನೆಪ ಗಿಪ ನೋಡಲಿಲ್ಲ, 1995ರಿಂದ ಪೂರ್ತಿ ಬಂದ್ ಮಾಡಿದರು.

ನಮ್ಮಲ್ಲಿ ಸರಳ ಮದುವೆಗೆ ದಾರಿ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಕುವೆಂಪು ಅವರು ತಮ್ಮ ಮಗ ತೇಜಸ್ವಿಯವರಿಗೆ 1966ರಲ್ಲಿ ಮಂತ್ರ ಮಾಂಗಲ್ಯದ, ಅಂದರೆ ಪುರೋಹಿತರು, ಆಡಂಬರ ಇಲ್ಲದ ಸರಳ ಮದುವೆ ಮಾಡಿ ತೋರಿಸಿದರು. ಆ ತೇಜಸ್ವಿ ಬದುಕಿದ್ದು ನಮ್ಮ ಪಕ್ಕದ ಮೂಡಿಗೆರೆಯಲ್ಲಿ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ನಡೆಯುತ್ತಿದೆ. ಮುಜರಾಯಿ ಇಲಾಖೆಯ 'ಸಪ್ತಪದಿ' ಯೋಜನೆಯಲ್ಲಿ ದೇವಸ್ಥಾನದಲ್ಲಿ ಮದುವೆ ಆದವರಿಗೆ ತಾಳಿಗೆ 8 ಗ್ರಾಂ ಚಿನ್ನ, ಹುಡುಗಿಗೆ 10 ಸಾವಿರ, ಹುಡುಗನಿಗೆ 5 ಸಾವಿರ ಕೊಡುತ್ತೇವೆ ಅಂತ ಘೋಷಿಸಿದರು. ಒಳ್ಳೆಯದೇ. ಆದರೆ ಊರಲ್ಲಿ ಕೇಳಿ ನೋಡಿ. "ಪಾಪ, ಕೈಲಾಗದವರು ಅಲ್ಲಿಗೆ ಹೋಗ್ತಾರೆ" ಅನ್ನುತ್ತಾರೆ. ಐವತ್ತು ಎಕರೆ ಕಾಫಿ ತೋಟ ಇರುವವರ ಮಗ ಆ ಸಾಲಿನಲ್ಲಿ ಬಂದು ನಿಲ್ಲುವ ತನಕ ಆ ಮಾತು ಹೋಗುವುದಿಲ್ಲ. ದೊಡ್ಡವರ ಮನೆ ಮದುವೆಗೆ ರಸ್ತೆ ಪೂರ್ತಿ ಕಾರು ನಿಲ್ಲಿಸಿ, ಪೊಲೀಸರನ್ನೇ ಟ್ರಾಫಿಕ್‌ಗೆ ಹಾಕಿ, ಮರುದಿನ ಅದೇ ದೊಡ್ಡವರು ಸಾಮೂಹಿಕ ಮದುವೆಗೆ ಬಂದು ಸರಳತೆ ಬಗ್ಗೆ ಭಾಷಣ ಮಾಡಿದರೆ ಯಾರು ನಂಬುತ್ತಾರೆ ಹೇಳಿ.

ತಿಥಿ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಮದುವೆಗೆ ಆರು ತಿಂಗಳು ಟೈಮ್ ಇರುತ್ತದೆ. ಸಾವಿಗೆ ಹನ್ನೊಂದೇ ದಿನ. ಆಸ್ಪತ್ರೆ ಬಿಲ್ ಕಟ್ಟಿ ಕೈ ಖಾಲಿ ಮಾಡಿಕೊಂಡವರು ನನ್ನ ಹತ್ತಿರ ಬಂದು, "ಆರ್ನೂರು ಎಲೆ ಬೇಕು, ಶುಂಠಿ ದುಡ್ಡು ಬಂದ್ಮೇಲೆ ಕೊಡ್ತೀನಿ" ಅನ್ನುತ್ತಾರೆ. ಕೆಲವು ಮನೆಗಳಲ್ಲಿ ವಡೆ ಪಾಯಸ, ಕೆಲವು ಕಡೆ ಮುದ್ದೆ, ಮಟನ್ ಸಾರು. ಊಟಕ್ಕಿಂತ ಮೊದಲು ಊರ ಬಾಗಿಲಿಗೆ ಭಾವಪೂರ್ಣ ಶ್ರದ್ಧಾಂಜಲಿ ಫ್ಲೆಕ್ಸ್ ಬಂದಿರುತ್ತದೆ. 2016ರಲ್ಲೇ ಕರ್ನಾಟಕ ಪ್ಲಾಸ್ಟಿಕ್ ನಿಷೇಧದ ಪಟ್ಟಿಗೆ ಫ್ಲೆಕ್ಸ್ ಕೂಡ ಸೇರಿದೆ, ಆದರೆ ಸತ್ತವರ ಫೋಟೋ ಇರುವ ಫ್ಲೆಕ್ಸ್ ಕಿತ್ತುಹಾಕಲು ಯಾವ ಪಂಚಾಯ್ತಿಯವರಿಗೆ ಮನಸ್ಸು ಬರುತ್ತದೆ?

ಇಲ್ಲಿ ಸರ್ಕಾರಕ್ಕಿಂತ ಊರಿನ ತೀರ್ಮಾನ ಕೆಲಸ ಮಾಡುತ್ತದೆ. ಅರಕಲಗೂಡು ತಾಲ್ಲೂಕಿನ ಒಂದು ಸಣ್ಣ ಊರಲ್ಲಿ ಹಿರಿಯರೆಲ್ಲ ಸೇರಿ, ತಿಥಿಗೆ ಯಾರ ಮನೆಯಲ್ಲಾದರೂ ಅನ್ನ, ಸಾರು, ಒಂದು ಪಲ್ಯ, ಪಾಯಸ, ಇಷ್ಟೇ ಅಂತ ಮಾಡಿಕೊಂಡಿದ್ದಾರೆ. ಆ ಊರಿನಲ್ಲಿ ಉಳ್ಳವರ ಮನೆಯ ಅಜ್ಜಿ ತೀರಿಕೊಂಡಾಗ ನಾನೇ ಅಡುಗೆಗೆ ಹೋಗಿದ್ದೆ. ಅವರ ಮಗ ಒಂದು ವಡೆ ಸೇರಿಸೋಣ ಅಂದರು. ಪಕ್ಕದಲ್ಲಿ ಕೂತಿದ್ದ ಅವರ ಚಿಕ್ಕಪ್ಪ, "ನೀನು ಇವತ್ತು ವಡೆ ಹಾಕಿದ್ರೆ ನಾಳೆ ಆ ಮನೆಯವ್ನೂ ಹಾಕ್ಬೇಕಾಗುತ್ತೆ ಮಗಾ" ಅಂದರು. ವಡೆ ಬರಲಿಲ್ಲ.

ಇನ್ನು ಹಬ್ಬ, ಮೆರವಣಿಗೆ. ಇಲ್ಲಿ ಮಾತ್ರ ನಾನು ಸರ್ಕಾರದ ಪರ, ಯಾವ ಅನುಮಾನವೂ ಇಲ್ಲ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮೈಕ್ ಹಾಕಬಾರದು ಅನ್ನುವ ಶಬ್ದದ ನಿಯಮ 2000ನೇ ಇಸವಿಯಿಂದ ಇದೆ. ಹಬ್ಬಗಳಿಗೆ ವರ್ಷದಲ್ಲಿ 15 ದಿನದ ತನಕ ರಾಜ್ಯ ಸರ್ಕಾರ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ಈ ನಿಯಮ ನಡೆಸಲು ಆಗುತ್ತದೆ, ಯಾಕೆಂದರೆ ನಿದ್ದೆ ಕೆಟ್ಟ ಪಕ್ಕದ ಮನೆಯವರೇ ಫೋನ್ ಮಾಡುತ್ತಾರೆ. ಎಂಟುನೂರು ಜನ ಉಂಡರೆ ಯಾರ ನಿದ್ದೆಯೂ ಕೆಡುವುದಿಲ್ಲ, ಹಾಗಾಗಿ ದೂರು ಕೊಡುವವರೂ ಇಲ್ಲ.

2025ರ ಸೆಪ್ಟೆಂಬರ್ 12ರ ರಾತ್ರಿ ನಮ್ಮ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆ ಮೆರವಣಿಗೆಗೆ ಲಾರಿ ನುಗ್ಗಿತು. ಜೀವ ಕಳೆದುಕೊಂಡವರಲ್ಲಿ ಹಲವರು ಓದುವ ಹುಡುಗರು. ಮೆರವಣಿಗೆಯಲ್ಲಿದ್ದವರದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಹೆದ್ದಾರಿಯಲ್ಲಿ ಕತ್ತಲಾದ ಮೇಲೆ ಜನ ನಡೆಯುವಾಗ ಗಾಡಿಗಳನ್ನು ಯಾರು ತಡೆಯಬೇಕು, ಎಷ್ಟು ಹೊತ್ತಿಗೆ ಮುಗಿಸಬೇಕು, ಯಾವ ದಾರಿ ಅನ್ನುವುದೆಲ್ಲ ಭಕ್ತಿಗೆ ಅಡ್ಡಿ ಅಂತ ಈಗಲೂ ವಾದ ಮಾಡುವವರ ಹತ್ತಿರ ನನಗೆ ಮಾತಿಲ್ಲ. ಅದೇ ವರ್ಷ ಹಾಸನಾಂಬ ಜಾತ್ರೆಗೆ 20 ಲಕ್ಷಕ್ಕೂ ಜಾಸ್ತಿ ಜನ ಬಂದರು. ವಿಐಪಿ ಪಾಸ್‌ಗಳನ್ನು ರದ್ದು ಮಾಡಿದ್ದರಿಂದ ಒಂದಷ್ಟು ಜನಕ್ಕೆ ಸಿಟ್ಟು ಬಂತು. ಸರದಿಯಲ್ಲಿ ನಿಂತವರಿಗೆ ಬರಲಿಲ್ಲ.

ಕೊನೆಗೆ ಎಲ್ಲರೂ ಕೇಳುವ ಉಪಪ್ರಶ್ನೆ ಒಂದಿದೆ: "ಎಲ್ರೂ ಚಿಕ್ಕದಾಗಿ ಮಾಡಿದ್ರೆ ನಿಮ್ಮ ಹೊಟ್ಟೆಪಾಡು?" ನೋಡಿ, ಎರಡು ಸಾವಿರ ಎಲೆಯ ಮದುವೆಯಲ್ಲಿ ನಲವತ್ತು ಜನ ಬಡಿಸುವ ಹುಡುಗರನ್ನು ಹೊಂದಿಸಬೇಕು, ಎರಡು ದಿನ ನಿದ್ದೆ ಇಲ್ಲ, ಕೊನೆಯ ಕಂತು ವರ್ಷವಾದರೂ ಬರುವುದಿಲ್ಲ. ಮುನ್ನೂರು ಎಲೆಯ ಮದುವೆಯಲ್ಲಿ ಹೋಳಿಗೆ ಬಿಸಿಯಾಗಿ ಬಡಿಸಬಹುದು, ಮಧ್ಯಾಹ್ನ ಮೂರಕ್ಕೆ ಪಾತ್ರೆ ತೊಳೆದು ಗಾಡಿಗೆ ಹಾಕಬಹುದು, ಹೊರಡುವ ಮುಂಚೆ ಹುಡುಗಿಯ ಅಪ್ಪ ಪೂರ್ತಿ ದುಡ್ಡು ಕೊಟ್ಟಿರುತ್ತಾರೆ. ಅಂಥವು ತಿಂಗಳಿಗೆ ನಾಲ್ಕು ಸಿಕ್ಕರೆ ನನಗೆ ಧಾರಾಳ. ಡೇಟ್ ಮಾತ್ರ ಸ್ವಲ್ಪ ಮುಂಚೆ ಹೇಳಿ, ಮಾಘ ಮಾಸ, ವೈಶಾಖದಲ್ಲಿ ಅಡುಗೆ ಭಟ್ಟರು ಸಿಗುವುದು ಕಷ್ಟ.