ಫೋರ್ತ್ ಡೌನ್ ಉತ್ತರ ಥರ್ಡ್ ಡೌನ್‌ಗೆ ಮುಂಚೆ ಬೇಕು

ಅಮೆರಿಕದ ಒಂದು ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಅಂಕಿ-ಅಂಶದ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಫೋರ್ತ್ ಡೌನ್‌ನಲ್ಲಿ ಏನು ಮಾಡಬೇಕು ಅನ್ನುವ ಲೆಕ್ಕ ಅಂಥ ಕಷ್ಟದ್ದೇನಲ್ಲ. ಅದನ್ನು ಕೋಚ್ ಕಿವಿಗೆ ಯಾವಾಗ ಹಾಕಬೇಕು ಅನ್ನುವುದೇ ಕಷ್ಟ.

ಆಟ ನೋಡದವರಿಗೆ ಎರಡು ಮಾತು. 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಒಂದೊಂದಕ್ಕೂ ಡೌನ್ ಅಂತ ಹೆಸರು. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಪಂಟ್ ಮಾಡಿ, ಅಂದರೆ ಚೆಂಡನ್ನು ದೂರ ಒದ್ದು, ಎದುರಾಳಿಗೆ ಬಿಟ್ಟುಕೊಡಬಹುದು. ಹತ್ತಿರವಿದ್ದರೆ ಫೀಲ್ಡ್ ಗೋಲ್ ಹೊಡೆದು, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು, 3 ಪಾಯಿಂಟ್ ತರಬಹುದು. ಇಲ್ಲ, ಧೈರ್ಯ ಮಾಡಿ ಆಡಬಹುದು. ಆಡಿ ಗಜ ಸಾಲದಿದ್ದರೆ ಚೆಂಡು ಅಲ್ಲೇ ಎದುರಾಳಿಯ ಕೈಗೆ.

2024ರಿಂದ ಕಾಲೇಜ್ ಪಂದ್ಯಗಳಲ್ಲಿ ಸೈಡ್‌ಲೈನ್‌ಗೆ ಟ್ಯಾಬ್ಲೆಟ್ ಬಂದಿದೆ. ಆದರೆ ಅದರಲ್ಲಿ ಆ ಪಂದ್ಯದ ವಿಡಿಯೋ ಮಾತ್ರ ನೋಡಬಹುದು, ಲೆಕ್ಕಾಚಾರಕ್ಕೆ ಜಾಗ ಇಲ್ಲ. ಹಾಗಾಗಿ ನಮ್ಮದು ಇನ್ನೂ ಕಾಗದವೇ. ಮಳೆಯ ದಿನ ಕ್ರಿಕೆಟ್ ನಾಯಕ ಜೇಬಲ್ಲಿ ಇಟ್ಟುಕೊಳ್ಳುವ ಡಿಎಲ್ಎಸ್ ಚೀಟಿಯ ಹಾಗೆ. ಎಷ್ಟು ಗಜ ಬೇಕು, ಎಲ್ಲಿದ್ದೇವೆ, ಸ್ಕೋರ್ ಎಷ್ಟು, ಸಮಯ ಎಷ್ಟು, ಟೈಮ್‌ಔಟ್ ಎಷ್ಟು ಉಳಿದಿವೆ, ಎಲ್ಲ ಮೊದಲೇ ಅಚ್ಚಾಗಿರುತ್ತದೆ.

ಒಂದು ಡೌನ್ ಮುಗಿದು ಮುಂದಿನದು ಶುರುವಾಗಲು 40 ಸೆಕೆಂಡ್. ಅಷ್ಟರಲ್ಲಿ ಆಟಗಾರರು ಬದಲಾಗಬೇಕು, ಪ್ಲೇ, ಅಂದರೆ ಮುಂದೆ ಹೇಗೆ ಆಡಬೇಕು ಅನ್ನುವುದನ್ನು, ಹೇಳಬೇಕು, ಸಾಲಾಗಿ ನಿಲ್ಲಬೇಕು. ಆ ಗಲಾಟೆಯಲ್ಲಿ ಚೀಟಿ ಬಿಡಿಸಿ ಓದುವುದಕ್ಕೆ ಆಗುತ್ತದಾ? ಉತ್ತರ ಥರ್ಡ್ ಡೌನ್‌ಗೆ ಮುಂಚೆಯೇ ಬೇಕು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಕಾರಣವೂ ಇದೆ. ಥರ್ಡ್ ಡೌನ್, 7 ಗಜ ಬೇಕು ಅಂದುಕೊಳ್ಳಿ. ಫೋರ್ತ್ ಡೌನ್‌ನಲ್ಲೂ ಆಡುತ್ತೇವೆ ಅಂತ ಈಗಲೇ ಗೊತ್ತಿದ್ದರೆ, ಏಳೂ ಗಜವನ್ನು ಒಂದೇ ಏಟಿಗೆ ತರಬೇಕಾಗಿಲ್ಲ. ಸುಮ್ನೆ ಓಡಿ ನಾಲ್ಕು ತಂದರೂ ಸಾಕು, ಉಳಿದ ಮೂರಕ್ಕೆ ಇನ್ನೊಂದು ಅವಕಾಶ ಇದೆ. ಗೊತ್ತಿಲ್ಲದಿದ್ದರೆ ಪ್ಲೇ ಹೇಳುವವರು ಉದ್ದದ ಪಾಸ್‌ಗೆ ಕೈ ಹಾಕುತ್ತಾರೆ, ಅದು ಬಿದ್ದುಹೋಗುತ್ತದೆ, ಆಮೇಲೆ ಎಲ್ಲರೂ ಚೀಟಿ ಹುಡುಕುತ್ತಾರೆ. ಒಳ್ಳೆಯ ಉತ್ತರವೇ, ಆದರೆ ತಡವಾಯಿತು.

ಫಲಿತಾಂಶ ನೋಡಿ ತೀರ್ಮಾನವನ್ನು ಅಳೆಯುವ ಚಟವಂತೂ ಎಲ್ಲರಿಗೂ ಇದೆ. 2023ರ ಅಕ್ಟೋಬರ್‌ನಲ್ಲಿ ಆರೆಗಾನ್ ತಂಡ ವಾಷಿಂಗ್ಟನ್ ಮೇಲೆ 33-29ರಿಂದ ಮುಂದಿತ್ತು. ಎರಡು ನಿಮಿಷಕ್ಕೆ ಸ್ವಲ್ಪ ಜಾಸ್ತಿ ಬಾಕಿ, ಫೋರ್ತ್ ಡೌನ್, ಎದುರಾಳಿಯ 47 ಗಜದ ಗೆರೆ, ಬೇಕಾಗಿದ್ದು 3 ಗಜ. ಕೋಚ್ ಡ್ಯಾನ್ ಲ್ಯಾನಿಂಗ್ ಆಡಿಸಿದರು, ಆಗಲಿಲ್ಲ. ವಾಷಿಂಗ್ಟನ್ ಟಚ್‌ಡೌನ್ ಹೊಡೆದು, ಅಂದರೆ ಚೆಂಡನ್ನು ಮೈದಾನದ ತುದಿಯ ಎಂಡ್ ಝೋನ್‌ಗೆ ಮುಟ್ಟಿಸಿ, 36-33ರಿಂದ ಗೆದ್ದಿತು. ಬೈಗುಳಕ್ಕೆ ಬರವಿರಲಿಲ್ಲ. ಆದರೆ ಅಲ್ಲಿಂದ ಒದ್ದ ಚೆಂಡು ಎಂಡ್ ಝೋನ್‌ಗೆ ಹೋಗಿದ್ದರೆ ವಾಷಿಂಗ್ಟನ್ ತನ್ನ 20 ಗಜದ ಗೆರೆಯಿಂದ ಶುರು ಮಾಡುತ್ತಿತ್ತು. ಲಾಭ 27 ಗಜ, ಅಷ್ಟೇ. ಮೈಕಲ್ ಪೆನಿಕ್ಸ್ ಥರದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಮುಖ್ಯ ಆಟಗಾರ) ಎದುರಿಗಿದ್ದಾಗ ಆ 27 ಗಜವನ್ನು ನಾನಂತೂ ನೆಚ್ಚಿಕೊಳ್ಳುತ್ತಿರಲಿಲ್ಲ.

2006ರ ರೋಸ್ ಬೌಲ್, ಅಂದರೆ ಆ ಸೀಸನ್‌ನ ಕಾಲೇಜ್ ಚಾಂಪಿಯನ್‌ಶಿಪ್ ಪಂದ್ಯ, ಕೂಡ ಇದೇ ಕಥೆ. 38-33ರಿಂದ ಮುಂದಿದ್ದ ಯುಎಸ್‌ಸಿ ತಂಡ ಟೆಕ್ಸಸ್ ತಂಡದ 45 ಗಜದ ಗೆರೆಯಲ್ಲಿ ಫೋರ್ತ್ ಡೌನ್‌ನಲ್ಲಿ 2 ಗಜಕ್ಕೆ ಆಡಿ ತಡೆಸಿಕೊಂಡಿತು. ಟೆಕ್ಸಸ್‌ನ ವಿನ್ಸ್ ಯಂಗ್ 19 ಸೆಕೆಂಡ್ ಬಾಕಿ ಇರುವಾಗ ಓಡಿ ಟಚ್‌ಡೌನ್ ತಂದರು, ಕೊನೆಗೆ 41-38. ಯಂಗ್ ಓಡಿದ್ದೂ ಫೋರ್ತ್ ಡೌನ್‌ನಲ್ಲೇ. ಹಿಂದಿದ್ದ ತಂಡಕ್ಕೆ ಬೇರೆ ದಾರಿ ಇರಲಿಲ್ಲ, ಆದ್ದರಿಂದ ಅದನ್ನು ಯಾರೂ ತೀರ್ಮಾನ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನಮ್ಮಲ್ಲಿ ಈಗ ಸೆಕೆಂಡ್ ಡೌನ್ ಮುಗಿದ ಕೂಡಲೇ ಮೇಲಿನ ಬಾಕ್ಸ್‌ನಲ್ಲಿ ಕೂರುವ ಸಹಾಯಕ ಕೋಚ್ ಹೆಡ್‌ಸೆಟ್‌ನಲ್ಲಿ ಹೇಳಿಬಿಡುತ್ತಾರೆ: "ನಾಲ್ಕು ಗಜದೊಳಗೆ ಬಂದರೆ ಆಡೋಣ, ಇಲ್ಲದಿದ್ದರೆ ಪಂಟ್." ಹೆಡ್ ಕೋಚ್ ಒಪ್ಪದಿದ್ದರೆ ಅದಕ್ಕೂ ಆಗ ಸಮಯ ಸಿಗುತ್ತದೆ. ಮುಂದಿನ ಸಾಲಿನ ಹುಡುಗ ಕುಂಟುತ್ತಿರುವುದು ನನ್ನ ಕಾಗದಕ್ಕೆ ಕಾಣುವುದಿಲ್ಲ ಅಲ್ವಾ? ಕಿಕ್ಕರ್ ಆವತ್ತು ಎಷ್ಟು ದೂರದಿಂದ ಹೊಡೆಯಬಲ್ಲ ಅನ್ನುವುದನ್ನೂ ನಾವು ಅಚ್ಚು ಹಾಕುವುದಿಲ್ಲ. ವಾರ್ಮ್-ಅಪ್ ಆದಮೇಲೆ, ಗಾಳಿ ನೋಡಿಕೊಂಡು, ಮೈದಾನದ ಎರಡೂ ತುದಿಗೆ ಬೇರೆ ಬೇರೆ ಅಂಕಿಯನ್ನು ಪೆನ್ನಿನಲ್ಲಿ ಬರೆಯುತ್ತೇವೆ.